ಟೇಪು ಸುತ್ತುವ ಸರದಿ

ಇಪ್ಪತ್ತೆರಡು ವರ್ಷದಿಂದ ಈ ಕೋಣೆಯಲ್ಲಿ
ಹುಡುಗರ ಕಾಲ್ಗಿಣ್ಣಿಗೆ ಬಿಳಿ ಟೇಪು ಸುತ್ತುತ್ತಿದ್ದೇನೆ.
ಎಷ್ಟೋ ಮುಖ ಮರೆತಿದೆ, ಪಾದ ಮರೆತಿಲ್ಲ.
ಹೊರಗೆ ಮಿಸಿಸಿಪ್ಪಿ ದಡದಿಂದ ಒಳಕ್ಕೆ ಹೆಪ್ಪುಗಟ್ಟುತ್ತಿದೆ,
ನಡುವೆ ಮಾತ್ರ ಕಪ್ಪು ನೀರು
ಇನ್ನೂ ಮನಸ್ಸು ಮಾಡದೆ ಹರಿಯುತ್ತಿದೆ.

ಊರಿಗೆ ಊರೇ ಮನಸ್ಸು ಮಾಡಿ ಆಗಿದೆ.
ಕ್ಷೌರದಂಗಡಿಯ ಓರ್ವಿಲ್ ಕತ್ತರಿ ಎತ್ತಿ ಹಿಡಿದು,
"ಕಾಯಿ ಗುದ್ದಿ ಹಣ್ಣು ಮಾಡಬಾರದು ಲೊರೆಟ್ಟಾ,
ಒಂದು ವರ್ಷ ಬೆಂಚಿನ ಮೇಲೆ ಮಾಗಲಿ ಹುಡುಗ."
ಪೆಟ್ರೋಲ್ ಬಂಕಿನ ಹೆಂಗಸು ಚಿಲ್ಲರೆ ಎಣಿಸುತ್ತ,
"ಮಾಗಿದ ಮೇಲೆ ಬೇರೆ ಕಾಲೇಜಿನವರು ಕಿತ್ತುಕೊಂಡು ಹೋಗ್ತಾರೆ.
ಶನಿವಾರವೇ ಇಳಿಸಲಿ."
ನಾನು ಬ್ರೆಡ್ಡು ತಗೊಂಡು ಬಂದೆ.

ಹುಡುಗ ಕಿಯಾನ್ ಬ್ರಾಸ್‌ವೆಲ್. ಮೊದಲ ವರ್ಷ,
ಇಂಡಿಯಾನಾದ ಗ್ಯಾರಿಯಿಂದ ಬಂದವನು.
ಅವನ ಕೈಗೆ ಚೆಂಡು ಬಂದರೆ
ಪಾಪ್‌ಕಾರ್ನ್ ಬಾಯಿಗೆ ಹೋಗುವುದು ನಿಲ್ಲುತ್ತದೆ.
ಎಡಕ್ಕೆ ನೋಡಿ ಬಲಕ್ಕೆ ಕೊಡುತ್ತಾನೆ,
ಸಿಕ್ಕಿದ್ದು ಸಿಕ್ಕಿದವನಿಗೇ ತಡವಾಗಿ ತಿಳಿಯುತ್ತದೆ.
ಮೊನ್ನೆ ಹನ್ನೊಂದು ನಿಮಿಷಕ್ಕೆ ಹದಿನಾಲ್ಕು ಅಂಕ.
ಅದೇ ಹನ್ನೊಂದು ನಿಮಿಷದಲ್ಲಿ ಐದು ಸಲ ಚೆಂಡು ಕಳೆದ,
ಒಂದನ್ನು ಸೀದಾ
ಬ್ಯಾಂಡಿನ ತುತ್ತೂರಿಯವನ ಮಡಿಲಿಗೆ ಎಸೆದ.

ನನಗೆ ಗೊತ್ತಿರುವುದು ಬೇರೆ.
ಅವನ ಪಾದ ಇನ್ನೂ ಬೆಳೆಯುತ್ತಿದೆ.
ಆಗಸ್ಟಿನಲ್ಲಿ ಕೊಟ್ಟ ಬೂಟು ಈಗ ಹೆಬ್ಬೆರಳು ಕಚ್ಚುತ್ತದೆ.
ಕೇಳಿದರೆ, "ಸರಿಯಾಗಿದೆ ಮೇಡಂ."

ಇನ್ನೊಬ್ಬ ವೆಂಡೆಲ್ ಶ್ರೋಡರ್, ಹಂದಿ ಸಾಕುವವರ ಮಗ,
ಇದು ಅವನ ಕೊನೆಯ ಚಳಿಗಾಲ.
ಅವನ ಆಟದಲ್ಲಿ ನೋಡುವಂಥದ್ದೇನಿಲ್ಲ,
ತಿರುಗಣಿಗೆ ಬಿಟ್ಟ ಎಣ್ಣೆಯ ಹಾಗೆ,
ಇಲ್ಲದ ದಿನವೇ ಸದ್ದು.
ಎಡ ಮಂಡಿ ಮಾತ್ರ ನನ್ನ ಹತ್ತಿರ ಮಾತಾಡುತ್ತದೆ:
ಥ್ಯಾಂಕ್ಸ್‌ಗಿವಿಂಗ್ ಕಳೆದ ಮೇಲೆ ದಿನಾ ಬೆಳಿಗ್ಗೆ
ನೀರು ತುಂಬಿ, ಒತ್ತಿದರೆ ಗುಳಿ ಬಿದ್ದು, ನಿಧಾನಕ್ಕೆ ಏಳುತ್ತದೆ.
"ಕೋಚ್‌ಗೆ ಹೇಳ್ಬೇಡಿ" ಅಂದ. ಹೂಂ ಅಂದೆ.
ತಪ್ಪು. ಗೊತ್ತಿದ್ದೇ ಹೂಂ ಅಂದೆ.

ನಿನ್ನೆ ರಾತ್ರಿ ಕೋಚ್ ಹಾಲ್ವರ್ಸನ್ ಬಂದು
ಐಸ್ ಯಂತ್ರಕ್ಕೆ ಒರಗಿ ನಿಂತರು.
ಕೈಯಲ್ಲಿ ಚೀಟಿ, ಚೀಟಿಯಲ್ಲಿ ನಾಲ್ಕು ಹೆಸರು,
ಐದನೆಯದರ ಜಾಗದಲ್ಲಿ ಕಾಫಿ ಲೋಟದ ಗುಂಡು ಕಲೆ.
"ನೀನೇನಂತೀ?"
"ನಾನು ಕಾಲು ನೋಡುವವಳು ಕೋಚ್, ಆಟ ನಿಮ್ಮದು."
ಯಂತ್ರ ತನ್ನಷ್ಟಕ್ಕೆ ಒಂದು ಬೊಗಸೆ ಐಸು ಸುರಿಯಿತು.
ಇಬ್ಬರೂ ಬೆಚ್ಚಿದೆವು.
ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು.

ಇವತ್ತು ಶನಿವಾರ.
ಮೊದಲ ಐವರಿಗೆ ಮೊದಲು ಟೇಪು, ಉಳಿದವರಿಗೆ ಆಮೇಲೆ,
ಯಾರೂ ಎಲ್ಲೂ ಬರೆದಿಡದ ಪದ್ಧತಿ.
ನಾಲ್ವರದು ಮುಗಿಯಿತು.
ವೆಂಡೆಲ್ ಮೇಜು ಹತ್ತಲಿಲ್ಲ.
ಗೋಡೆಬದಿಯ ಬಾಕಿನಲ್ಲಿ ಕೂತು
ಕಾಲುಚೀಲ ಮಡಿಸಿದ, ಬಿಡಿಸಿದ,
"ಅವನಿಗೆ ಕಟ್ಟಿ ಮೊದಲು" ಅಂದ,
ಹಂದಿಮರಿಯ ತೂಕ ಹೇಳುವ ದನಿಯಲ್ಲಿ.

"ನಂದು ಕೊನೆಗಲ್ವಾ?" ಕಿಯಾನ್ ಕೇಳಿದ.
ಯಾರೂ ಏನೂ ಅನ್ನಲಿಲ್ಲ.
ಹತ್ತಿ ಕೂತ. ನನ್ನ ಅಂಗೈಯಲ್ಲಿ ಅವನ ಹಿಮ್ಮಡಿ
ತಣ್ಣಗೆ, ನಡುಗುತ್ತ.
ಅರ್ಧ ಸುತ್ತಿಗೆ ಸುರುಳಿ ಮುಗಿಯಿತು.
ಹೊಸದರ ತುದಿ ಸಿಗದೆ ಉಗುರಿನಿಂದ ತಡವುತ್ತಿದ್ದೆ,
ಈ ವಯಸ್ಸಿಗೆ ಕಣ್ಣೂ ಸಾಲದು.
"ಕೊಡಿ ಇಲ್ಲಿ."
ವೆಂಡೆಲ್ ಎದ್ದು ಬಂದ. ನಾಲ್ಕೇ ಹೆಜ್ಜೆ.
ಬಾಗಿಲಲ್ಲಿ ಕೋಚ್ ನಿಂತಿದ್ದರು,
ನಾಲ್ಕನ್ನೂ ನೋಡಿದರು,
ಆಮೇಲೆ ನನ್ನನ್ನು.

ಹಲ್ಲಿನಿಂದ ತುದಿ ಬಿಡಿಸಿ ಸುರುಳಿ ನನ್ನ ಕೈಗಿಟ್ಟು
ವೆಂಡೆಲ್ ನೆಲದ ಮೇಲಿದ್ದ ಬೂಟು ತಿರುಗಿಸಿ ನೋಡಿದ.
"ಇದು ಇವನಿಗೆ ಚಿಕ್ಕದು. ನೋಡಿದ್ರಾ?"

ನೋಡಿದ್ದೆ.
ಅದನ್ನೂ ಯಾರಿಗೂ ಹೇಳಿರಲಿಲ್ಲ.